ಗುರುವಾರದ ಖಾಲಿ ಸುತ್ತು

ನನ್ನ ಅತ್ತೆಯೂ ನಾನೂ ಒಂದೇ ಕಸುಬಿನವರು. ಇಬ್ಬರದೂ ತಪ್ಪು ಹುಡುಕುವ ಕೆಲಸ. ನಾನು ಪುಣೆಯ ಯೆರವಡಾದ ಒಂದು ಕಂಪನಿಯಲ್ಲಿ, ಬೇರೆಯವರು ಬರೆದ ಸಾಫ್ಟ್‌ವೇರ್ ಎಲ್ಲಿ ಕೆಡುತ್ತದೆ ಎಂದು ಹುಡುಕಿ ಸಂಬಳ ತೆಗೆದುಕೊಳ್ಳುತ್ತೇನೆ. ಅವರು ಸಂಬಳವಿಲ್ಲದೆ ಹುಡುಕುತ್ತಾರೆ. ಸಾರಿನ ಉಪ್ಪು, ಹಾಸಿಗೆಯ ಮೂಲೆ, ನನ್ನ ಮರಾಠಿ, ತಮ್ಮ ಮಗನ ಹೊಟ್ಟೆ, ಯಾವುದೂ ಅವರ ಕಣ್ಣು ತಪ್ಪಿಸಿ ಹೋಗುವುದಿಲ್ಲ. ಆದರೆ ಅವರ ನಿಜವಾದ ಪ್ರತಾಪ ನೋಡಬೇಕೆಂದರೆ ಗುರುವಾರ ಮಧ್ಯಾಹ್ನ ಭಜನೆಗೆ ಬರಬೇಕಿತ್ತು.

ಶಿವಾಜಿನಗರದಲ್ಲಿ, ಕೋರ್ಟಿನ ಹಿಂದಿನ ಗಲ್ಲಿಯ ಹಳೆಯ ಕಟ್ಟಡದ ನೆಲಮಹಡಿಯಲ್ಲಿ ನಮ್ಮ ಪೇಟಿ ಕಾಕು ಇದ್ದಾರೆ. ಕಾಕು ಎಂದರೆ ಚಿಕ್ಕಮ್ಮ, ಪೇಟಿ ಎಂದರೆ ನಮ್ಮ ಕಡೆ ಹಾರ್ಮೋನಿಯಂ. ಅದನ್ನು ಬಾರಿಸುವವರಾದ್ದರಿಂದ ಎಲ್ಲರಿಗೂ ಅವರು ಪೇಟಿ ಕಾಕು. ಧಾರವಾಡ, ಬೆಳಗಾವಿ ಕಡೆಯಿಂದ ಲಗ್ನವಾಗಿ ಪುಣೆಗೆ ಬಂದ ಹೆಂಗಸರು ಗುರುವಾರಕ್ಕೊಮ್ಮೆ ಅವರ ಪಡಸಾಲೆಯಲ್ಲಿ ಸೇರುತ್ತಾರೆ. ಬಸ್ಸಿನಲ್ಲಿ, ತರಕಾರಿ ಗಾಡಿಯ ಹತ್ತಿರ, ಮಕ್ಕಳ ಶಾಲೆಯಲ್ಲಿ ವಾರವಿಡೀ ಮರಾಠಿ ಆಡಿದ ನಾಲಿಗೆ ಅಲ್ಲಿ ಚಪ್ಪಲಿ ಬಿಚ್ಚಿ ಕೂಡುತ್ತದೆ. ಆಫೀಸಿನಲ್ಲಿ ನನಗೆ ಗುರುವಾರ ಮನೆಯಿಂದ ಕೆಲಸ ಮಾಡುವ ಸವಲತ್ತು ಇದೆ. ಮನೆ ಎಂದರೆ ಯಾರ ಮನೆ ಎಂದು ಅವರು ಈವರೆಗೆ ಕೇಳಿಲ್ಲ.

ನಮ್ಮ ಭಜನೆಯ ಪದ್ಧತಿ ಸರಳ. ಒಬ್ಬರು ಒಂದು ಸಾಲು ಎತ್ತುತ್ತಾರೆ, ಉಳಿದವರೆಲ್ಲ ಸೇರಿ ಅದೇ ಸಾಲನ್ನು ತಿರುಗಿ ಹೇಳುತ್ತಾರೆ. ಎತ್ತುವವರು ಯಾವಾಗಲೂ ನನ್ನ ಅತ್ತೆ. ಅವರಿಗಿಂತ ಮೊದಲು ಯಾರು ಎತ್ತುತ್ತಿದ್ದರೋ ಈಗಿನವರಿಗೆ ಗೊತ್ತಿಲ್ಲ. ಪೇಟಿಯ ನಾಲ್ಕನೆಯ ಕಪ್ಪು ಮನೆ, ಕಾಳಿ ನಾಲ್ಕು, ಅವರ ಪಟ್ಟಿ. ಆ ಶ್ರುತಿ ಉಳಿದ ಅರ್ಧ ಜನರಿಗೆ ನಿಲುಕುವುದಿಲ್ಲ. ಯಾರಾದರೂ ಮೆಲ್ಲಗೆ, "ಇವತ್ತ ಒಂಚೂರ ಕೆಳಗ ಹಿಡಿಯೂಣೇನ್ರಿ?" ಎಂದರೆ ಅವರ ಉತ್ತರ ಒಂದೇ.

"ಪಟ್ಟಿ ದನಿಗೆ ಇಳಿಯೂದಿಲ್ಲರಿ. ದನಿ ಪಟ್ಟಿಗೆ ಏರಬೇಕು."

ನಾನು ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಗುರುವಾರ ಉಳಿದವರ ಜೊತೆ ದನಿಗೂಡಿಸಿದ್ದೆ. ಹಾಡು ಮುಗಿದ ಮೇಲೆ ಅತ್ತೆ ನನ್ನ ಕಡೆ ತಿರುಗಿ, ಎಲ್ಲರ ಎದುರಿಗೇ, "ನಿನ್ನ ದನಿ ಭಾಳ ಕೆಳಗದ. ಒಡಕ ಗಡಿಗಿ ಬಡದಂಗ ಆಗ್ತದ. ನೀ ತಾಳಾ ಹಿಡಿ" ಎಂದು ಕೈಗೆ ಒಂದು ಜೊತೆ ತಾಳ ಕೊಟ್ಟರು. ಅಂದಿನಿಂದ ತಾಳ ನನ್ನದು. ಸಿಟ್ಟಿನಿಂದಲೋ ಹಟದಿಂದಲೋ ಅದನ್ನು ಚೆನ್ನಾಗಿಯೇ ಕಲಿತೆ. ಹೆಂಗಸರು ಹಾಡುತ್ತ ಹಾಡುತ್ತ ಓಡಲು ಶುರು ಮಾಡಿದರೂ ನನ್ನ ಕೈ ಓಡುವುದಿಲ್ಲ. ಆ ಮಾತು ನನಗೇನೂ ಅನ್ನಿಸಲಿಲ್ಲ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಅನ್ನಿಸಿತ್ತು. ಬಹಳ ನೋವಾಗಿತ್ತು.

ಮಳೆಗಾಲದ ಶುರುವಿನಲ್ಲಿ ಅತ್ತೆ ಬಾಲ್ಕನಿಯ ಒದ್ದೆ ಹಾಸುಗಲ್ಲಿನ ಮೇಲೆ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಒಳಗೆ ರಾಡು ಹಾಕಿ ಕಳಿಸಿದರು. ಹಿಡಿದುಕೊಂಡು ನಡೆಯಲು ಒಂದು ವಾಕರ್ ತಂದೆವು. ಅದು ಮಂಚದ ಪಕ್ಕದಲ್ಲಿ ನಿಂತು ಟವೆಲ್ ಒಣಗಿಸುವ ಗೂಟವಾಯಿತು. ಕೂಡಬಹುದು, ಮಾತಾಡಬಹುದು, ಹಾಡಿದರೆ ಉಸಿರಿಗೂ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರು. ಆದರೆ ಆಟೋದಲ್ಲಿ ಕೂತು ಹೋಗುವುದು ಮಾತ್ರ ಕೆಲವು ತಿಂಗಳು ಬೇಡವೆಂದರು. ಕೊಂಢವಾದ ನಮ್ಮ ರಸ್ತೆಯಲ್ಲಿ ಗಟ್ಟಿ ಮೂಳೆಯವರೂ ದೇವರ ಹೆಸರು ಹೇಳಿಯೇ ಆಟೋ ಹತ್ತುವುದು.

ಅತ್ತೆ ಹಾಡು ನಿಲ್ಲಿಸಿದರು. ಭಜನೆಗೆ ಹೋಗಲಾಗದ್ದು ಸರಿ, ಬೆಳಿಗ್ಗೆ ಪಲ್ಯ ಹೆಚ್ಚುವಾಗಿನ ಗುನುಗೂ ನಿಂತಿತು. ಅದಕ್ಕಿಂತ ಹೆಚ್ಚಾಗಿ ನನಗೆ ಗಾಬರಿಯಾದದ್ದು ಒಂದು ದಿನ ನಾನು ಮರೆತು ಸಾರಿಗೆ ಎರಡು ಸಲ ಉಪ್ಪು ಹಾಕಿದಾಗ. ನನ್ನ ಗಂಡ ಒಂದು ತುತ್ತಿಗೇ ಮುಖ ಕಿವುಚಿದ. ಅತ್ತೆ ಪೂರ್ತಿ ಊಟ ಮಾಡಿ, ಏನೂ ಅನ್ನದೆ, ಗೋಡೆಯ ಕಡೆ ಹೊರಳಿದರು. ಆ ದಿನ ಅಡಿಗೆ ಮನೆಯಲ್ಲಿ ನಿಂತು ನಾನು ಅತ್ತುಬಿಟ್ಟೆ. ತಪ್ಪು ಹುಡುಕುವುದನ್ನು ಬಿಟ್ಟರೆಂದರೆ ಈ ಮುದುಕಿ ಮನಸ್ಸಿನಲ್ಲಿ ಗಂಟುಮೂಟೆ ಕಟ್ಟಿದ್ದಾರೆ ಎಂದೇ ಅರ್ಥ. ಅವರು ತಿರುಗಿ ಒಂದು ಸಾಲು ಎತ್ತುವ ಹಾಗೆ ಮಾಡದಿದ್ದರೆ ಅವರು ನಮಗೆ ಸಿಗುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

ಶಿವಾಜಿನಗರದಲ್ಲೂ ಕಥೆ ಅದೇ. ಎತ್ತುವವರಿಲ್ಲ. ಪೇಟಿ ಕಾಕು ಎರಡು ಗುರುವಾರ ತಾವೇ ಪ್ರಯತ್ನಿಸಿ, ಕಾಳಿ ನಾಲ್ಕರಲ್ಲಿ ಕೆಮ್ಮಿ, ಕೈ ಬಿಟ್ಟರು. ಪಟ್ಟಿ ಇಳಿಸುವ ಧೈರ್ಯ ಯಾರಿಗೂ ಇಲ್ಲ. ಚಹಾ ಕುಡಿದು, ಅವಲಕ್ಕಿ ತಿಂದು, ಅತ್ತೆಯ ಕಾಲಿನ ಬಗ್ಗೆ ಕೇಳಿ ಎಲ್ಲರೂ ಎದ್ದುಬಿಡುತ್ತಿದ್ದರು.

ವೀಡಿಯೋ ಕಾಲ್ ಮಾಡಿ ನೋಡಿದೆವು. ಆಫೀಸಿನ ಮೀಟಿಂಗಿಗೆ ಹೊಂದುವ ವಸ್ತು ಭಜನೆಗೆ ಹೊಂದಲಿಲ್ಲ. ಅದಕ್ಕೆ ಮನುಷ್ಯರ ಮಾತು ಮಾತ್ರ ಬೇಕು. ತಾಳವನ್ನು ಗದ್ದಲವೆಂದು ತಿಳಿದು ಅಳಿಸಿಹಾಕುತ್ತದೆ, ಪೇಟಿಯನ್ನು ಫ್ಯಾನಿನ ಸದ್ದೆಂದು ತಿಳಿದು ಅದುಮುತ್ತದೆ, ಹತ್ತು ಜನ ಒಟ್ಟಿಗೆ ಬಾಯಿ ತೆರೆದರೆ ಒಬ್ಬರದನ್ನು ಕೇಳಿಸಿ ಉಳಿದವರದನ್ನು ನುಂಗುತ್ತದೆ. ಅತ್ತೆ ಸ್ವಲ್ಪ ಹೊತ್ತು ಕೇಳಿ ಫೋನು ನನ್ನ ಗಂಡನ ಕೈಗೆ ಕೊಟ್ಟರಂತೆ. "ತುಂಡ ತುಂಡ ಕೇಳಸ್ತದ. ಬ್ಯಾಡ" ಎಂದರಂತೆ.

ದನಿಯನ್ನು ತೊಳೆಯದೆ, ಇದ್ದ ಹಾಗೇ ಒಯ್ಯುವ ಪ್ರೋಗ್ರಾಂ ಒಂದು ಪುಕ್ಕಟೆ ಸಿಗುತ್ತದೆ ಎಂದು ಹುಡುಕಿ ತಿಳಿದುಕೊಂಡೆ. ಆದರೆ ಅದನ್ನು ನಡೆಸಲು ನಡುವೆ ಒಂದು ಕಂಪ್ಯೂಟರ್ ಬೇಕು. ಕೊಂಢವಾದ ದನಿಯೂ ಶಿವಾಜಿನಗರದ ದನಿಯೂ ಅಲ್ಲಿಗೆ ಹೋಗಿ, ಒಂದನ್ನೊಂದು ಭೇಟಿಯಾಗಿ, ಮರಳಬೇಕು. ಅದಕ್ಕೆಂದೇ ಬಾಡಿಗೆ ಕಂಪ್ಯೂಟರುಗಳಿವೆ. ದೊಡ್ಡ ಕಂಪನಿಗಳು ಎಲ್ಲೋ ಒಂದು ಕಟ್ಟಡದ ತುಂಬ ಭಾರೀ ಯಂತ್ರಗಳನ್ನು ಇಟ್ಟುಕೊಂಡು, ಒಂದೊಂದನ್ನೂ ಹಲವು ಪಾಲು ಮಾಡಿ ಬಾಡಿಗೆಗೆ ಕೊಡುತ್ತವೆ. ನಿಮ್ಮ ಪಾಲಿಗೆ ಬಂದದ್ದು ನಿಮ್ಮೊಬ್ಬರದೇ ಪೂರ್ತಿ ಕಂಪ್ಯೂಟರಿನ ಹಾಗೆ ನಡೆದುಕೊಳ್ಳುತ್ತದೆ, ಆದರೆ ಮುಟ್ಟಲು ಸಿಗುವುದಿಲ್ಲ. ವರ್ಚುವಲ್ ಮಷೀನ್ ಎನ್ನುವುದು ಅದಕ್ಕೇ. ಕ್ಲೌಡ್ ಕ್ಲೌಡ್ ಎಂದು ಆಫೀಸಿನಲ್ಲಿ ದಿನವಿಡೀ ಅಂದರೂ, ಸ್ವಂತ ಕೈಯಿಂದ ಒಂದು ಮಷೀನ್ ಎಬ್ಬಿಸಿದವಳಲ್ಲ ನಾನು. ಅಲ್ಲಿ ಬೇಕೆಂದು ಬರೆದು ಕಳಿಸಿದರೆ ಬೇರೆ ಯಾರೋ ಮಾಡಿ ಕೊಡುತ್ತಿದ್ದರು. ನನ್ನ ಕೆಲಸ ಅದು ಸರಿಯಿಲ್ಲ ಎಂದು ಹೇಳುವುದು.

ಒಂದು ರವಿವಾರ ನಾಷ್ಟಾ ಆದ ಮೇಲೆ ಊಟದ ಟೇಬಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಗಂಡ ಅತ್ತೆಯನ್ನು ಹಿಡಿದು ತಂದು ಎದುರಿನ ಕುರ್ಚಿಯಲ್ಲಿ ಕೂಡಿಸಿ ಹೋಗಿದ್ದ. ಅವರು ಕನ್ನಡಕ ಏರಿಸಿಕೊಂಡು ಕೇಳಿದರು.

"ಏನ್ ಮಾಡ್ಲಿಕತ್ತೀ?"

"ಕಂಪ್ಯೂಟರ್ ಒಂದ ಬಾಡಿಗಿಗೆ ತಗೋಳಿಕತ್ತೇನ್ರಿ, ಅತ್ಯಾ. ಭಜನಿಗೆ."

"ಮನ್ಯಾಗ ಎರಡದಾವಲ್ಲ."

"ಇವು ನಡುವ ನಿಂದ್ರೂವಲ್ರಿ."

ಒಂದೊಂದೇ ಪ್ರಶ್ನೆ ಬರುತ್ತಿತ್ತು. ಮಷೀನಿಗೆ ಹೆಸರೇನು? ಗುರುವಾರ ಎಂದು ಬರೆದೆ. ಎಷ್ಟು ದೊಡ್ಡದು ಬೇಕು? ಇದ್ದುದರಲ್ಲೇ ಎಲ್ಲಕ್ಕಿಂತ ಸಣ್ಣದು ಆರಿಸಿದೆ, ಎರಡು ಮನೆಯ ಮಾತಿಗೆ ಬಂಗಲೆ ಯಾಕೆ. ಒಳಗೆ ಹೋಗುವ ಕೀಲಿಯ ಫೈಲು ಒಮ್ಮೆ ಮಾತ್ರ ಇಳಿಸಿಕೊಳ್ಳಬಹುದು, ಕಳೆದರೆ ತಿರುಗಿ ಕೊಡುವುದಿಲ್ಲ ಎಂದು ಎಚ್ಚರಿಸಿತು. ಇಳಿಸಿಕೊಂಡೆ. ಕೊನೆಗೆ ಒಂದು ಗುಂಡಿ ಒತ್ತಿದೆ. ಸ್ವಲ್ಪ ಹೊತ್ತು ಒಂದು ಚಕ್ರ ತಿರುಗಿ, ಹಸಿರು ಚುಕ್ಕೆ ಮೂಡಿ, ಗುರುವಾರ ನಡೆಯುತ್ತಿದೆ ಎಂದು ತೋರಿಸಿತು. ನನಗೆ ಒಳಗೊಳಗೇ ಹೆಮ್ಮೆ.

"ಎಲ್ಲೆದ ಈಗ ಅದು?" ಅತ್ತೆ ಕೇಳಿದರು.

ನೋಡಿದೆ. ಜಾಗ ಆರಿಸುವ ಕಡೆ ಅದೇ ತುಂಬಿಟ್ಟಿದ್ದನ್ನು ನಾನು ಬದಲಿಸಿರಲೇ ಇಲ್ಲ.

"ಅಮೇರಿಕಾದಾಗ್ರಿ."

ಅತ್ತೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಕೊಂಢವಾದಿಂದ ಶಿವಾಜಿನಗರಕ್ಕ ಹೋಗೂ ದನಿ ಅಮೇರಿಕಾಕ್ಕ ಹೋಗಿ ಬರಬೇಕೇನು? ಹಾದ್ಯಾಗ ದಣೀತದಲ್ಲ ಅದು. ಅಷ್ಟ ಕಲತು ಇಷ್ಟ ತಿಳೀಲಿಲ್ಲೇನ ನಿನಗ?"

ಎಷ್ಟೋ ವಾರಗಳ ಮೇಲೆ ಅವರು ಹುಡುಕಿದ ಮೊದಲ ತಪ್ಪು ಅದು. ನನಗಾದ ಸಂತೋಷ ಹೇಳತೀರದು. ಮಷೀನನ್ನು ಅಲ್ಲೇ ಅಳಿಸಿಹಾಕಿ, ಎಲ್ಲ ಪ್ರಶ್ನೆಗಳಿಗೂ ಮತ್ತೊಮ್ಮೆ ಉತ್ತರ ಬರೆದು, ಈ ಸಲ ಮುಂಬೈ ಆರಿಸಿದೆ. "ಮುಂಬೈ ಆದ್ರ ಅಡ್ಡಿಯಿಲ್ಲ. ಮುಂಜಾನೆ ಹೋದಾಂವ ಸಂಜಿಕ ಮನಿಗೆ ಬರ್ತಾನ" ಎಂದರು.

ಅದಾದ ಮೇಲೂ ಬಹಳ ಹೊತ್ತು ಆಚೆಯಿಂದ ಯಾರಿಗೂ ಒಳಗೆ ಬರಲಾಗಲಿಲ್ಲ. ಪ್ರೋಗ್ರಾಂ ಸರಿಯಿಲ್ಲ, ನೆಟ್ ಸರಿಯಿಲ್ಲ, ಲ್ಯಾಪ್‌ಟಾಪ್ ಹಳೆಯದು ಎಂದು, ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ಒಂದೊಂದನ್ನೂ ಬೈದೆ. ಕೊನೆಗೆ ಗೊತ್ತಾಯಿತು, ಮಷೀನಿನ ಬಾಗಿಲು ತೆರೆದಿದ್ದೆ, ಹೊರಗಿನ ಗೇಟು ಮುಚ್ಚಿತ್ತು. ನೆಂಟರು ಬರುತ್ತಾರೆಂದು ನಮ್ಮ ಫ್ಲ್ಯಾಟಿನ ಬಾಗಿಲು ತೆರೆದಿಟ್ಟು, ಸೊಸೈಟಿಯ ವಾಚಮನ್‌ಗೆ ಹೇಳದೆ ಕೂತಂತಾಗಿತ್ತು. ಗೇಟಿಗೂ ಹೇಳಿದೆ. ಆಗ ಮಲಗುವ ಕೋಣೆಯ ಫೋನಿನಿಂದ ನನ್ನ ಗಂಡನ ಕೆಮ್ಮು ಮುಂಬೈಗೆ ಹೋಗಿ ಟೇಬಲಿನ ಮೇಲೆ ಬಂದು ಕೇಳಿಸಿತು.

ಇನ್ನೊಂದು ತೊಡಕು ಉಳಿದಿತ್ತು. ನಮ್ಮ ಸುತ್ತ ಎಲ್ಲ ಕಡೆ ಕಟ್ಟಡ ಏಳುತ್ತಿವೆ, ದಿನಕ್ಕೊಂದು ಕಡೆ ಅಗೆಯುತ್ತಾರೆ, ನೆಟ್ ಬಿಟ್ಟು ಬಿಟ್ಟು ಬರುತ್ತದೆ. ಆ ಪ್ರೋಗ್ರಾಮಿನಲ್ಲಿ ಅದಕ್ಕೊಂದು ಉಪಾಯವಿತ್ತು. ಬಂದ ದನಿಯನ್ನು ಕೂಡಲೇ ಬಿಡದೆ, ಸ್ವಲ್ಪ ಕೂಡಿಟ್ಟುಕೊಂಡು ಆಮೇಲೆ ಬಿಡುವುದು. ನಗರಪಾಲಿಕೆಯ ನೀರು ಹೇಗೇ ಬರಲಿ, ಮಾಳಿಗೆಯ ಮೇಲೆ ಟಾಕಿ ಇದ್ದರೆ ನಳದಲ್ಲಿ ಧಾರೆ ಕಡಿಯುವುದಿಲ್ಲವಲ್ಲ, ಹಾಗೆ. ಆದರೆ ಎಷ್ಟು ಕೂಡಿಡುತ್ತೇವೋ ಅಷ್ಟು ತಡವಾಗಿ ಕೇಳಿಸುತ್ತದೆ. ಅತ್ತೆಗೆ ಹೇಳಿ ಯಾವುದು ಬೇಕೆಂದು ಕೇಳಿದೆ. ಅವರು ಯೋಚಿಸಲೇ ಇಲ್ಲ.

"ತಡಾ ಆದ್ರ ಆಗ್ಲಿ. ತುಂಡ ಆಗಬಾರದು."

ಮೊದಲ ಗುರುವಾರ ಕಾಕುವಿನ ಪಡಸಾಲೆಯಲ್ಲಿ ನನ್ನ ಲ್ಯಾಪ್‌ಟಾಪ್, ನಡುವೆ ಒಂದು ಮೈಕು, ಅದಕ್ಕೆ ಬೆನ್ನು ಮಾಡಿ ಒಂದು ಸ್ಪೀಕರ್. ಕೊಂಢವಾದಲ್ಲಿ ಅತ್ತೆಯ ಕಿವಿಗೆ ನನ್ನ ಆಫೀಸಿನ ದೊಡ್ಡ ಹೆಡ್‌ಫೋನು, ಬಾಗಿಲಲ್ಲಿ ನನ್ನ ಗಂಡ. ಸ್ಪೀಕರಿನಿಂದ ನಮ್ಮ ಮನೆಯ ಫ್ಯಾನು, ಪಕ್ಕದ ಮನೆಯ ಕುಕ್ಕರಿನ ಸೀಟಿ ಎಲ್ಲವೂ ಬಂದವು. ಕಾಕು ಮೈಕಿಗೆ ಬಗ್ಗಿ, "ಎತ್ತರಿ" ಎಂದರು. ಆಮೇಲೆ ಅತ್ತೆಯ ದನಿ ಬಂತು. ಸ್ವಲ್ಪ ಸೊರಗಿತ್ತು, ಆದರೆ ಕಾಳಿ ನಾಲ್ಕರ ಮೇಲೇ ಇತ್ತು. ನನ್ನ ಪಕ್ಕದಲ್ಲಿದ್ದವರು ಸೆರಗಿನಿಂದ ಕಣ್ಣು ಒತ್ತಿಕೊಂಡರು.

ಭಕ್ತಿ ಅಲ್ಲಿಗೇ ಮುಗಿಯಿತು. ನಾವು ಸಾಲು ತಿರುಗಿ ಹೇಳಿದೆವು. ಅದು ಅತ್ತೆಗೆ ಕೇಳಿಸುವ ಹೊತ್ತಿಗೆ ಅವರು, ಇವರಿಗೆ ಕೇಳಿಸಿಲ್ಲವೆಂದು ಅದೇ ಸಾಲನ್ನು ಮತ್ತೆ ಎತ್ತಿದ್ದರು. ಅದು ನಮಗೆ ತಲುಪುವಾಗ ನಾವು ಮುಂದಿನದಕ್ಕೆ ಕಾಯುತ್ತಿದ್ದೆವು. ಎರಡೂ ಕಡೆಯ ಹಾಡು ನಡುದಾರಿಯಲ್ಲಿ ಡಿಕ್ಕಿ ಹೊಡೆಯಿತು. "ತಾಳಾ ಯಾರ ಕೈಯಾಗದ?" ಎಂದು ಸ್ಪೀಕರ್ ಗದರಿಸಿತು. "ನನ್ನ ಸೊಸಿ ಕೈಯಾಗಿದ್ರ ಆಕಿನ್ನ ಎಬ್ಬಸ್ರಿ." ಹೆಂಗಸರು ನಕ್ಕು ನಕ್ಕು ಸುಸ್ತಾದರು. ಮೂರು ಸಲ ಪ್ರಯತ್ನಿಸಿ, ನಾಲ್ಕನೆಯ ಸಲ ಚಹಾ ಕುಡಿದೆವು.

ಮನೆಗೆ ಬಂದಾಗ ಅತ್ತೆ ಕೇಳಿದ ಮೊದಲ ಮಾತು, "ಆ ಮಷೀನ್ ಬಂದ್ ಮಾಡೀಯಿಲ್ಲೋ?" ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುವುದು ನಮ್ಮ ಮನೆಯಲ್ಲಿ ಮಹಾಪಾಪ. ಹಸಿರು ಚುಕ್ಕೆಯನ್ನು ಬಂದ್ ಮಾಡಿದೆ. ಆ ಪಾಪಭೀತಿಯೇ ನಮಗೆ ತಿರುಗಿ ಬಿತ್ತು. ಇಂಥ ಮಷೀನನ್ನು ಬಂದ್ ಮಾಡಿ ಮತ್ತೆ ಶುರು ಮಾಡಿದರೆ ಅದರ ವಿಳಾಸ ಬದಲಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮರುವಾರ ಶಿವಾಜಿನಗರದಲ್ಲಿ ನಾನು, ಕೊಂಢವಾದಲ್ಲಿ ಗಂಡ, ಇಬ್ಬರೂ ಹಳೆಯ ವಿಳಾಸದ ಬಾಗಿಲು ಬಡಿಯುತ್ತ ಕೂತೆವು. ಸರಿಪಡಿಸುವ ಹೊತ್ತಿಗೆ ಅತ್ತೆ ಹೆಡ್‌ಫೋನು ತೆಗೆದಿಟ್ಟು ಗೋಡೆಯ ಕಡೆ ಹೊರಳಿ ಆಗಿತ್ತು. "ನನ್ನ ಬಿಟ್ಟ ಶುರು ಮಾಡ್ಯಾರ. ಮಾಡ್ಲಿ" ಎಂದರಂತೆ. ಯಾರೂ ಶುರು ಮಾಡಿರಲಿಲ್ಲ. ಎರಡು ದಿನ ನನ್ನ ಸಾರಿನ ಬಗ್ಗೆ ಮಾತೇ ಇಲ್ಲ. ನಾನು ಗಾಬರಿಯಾಗಿ ಮಷೀನಿಗೆ ಬದಲಾಗದ ವಿಳಾಸ ಹಾಕಿಸಿದೆ.

ತಡದ ತೊಡಕು ಬಿಡಿಸಲು ನನ್ನ ಓದಿಗಿಂತ ಕೈಯ ತಾಳ ಹೆಚ್ಚು ಉಪಯೋಗಕ್ಕೆ ಬಂತು. ಅಡಿಗೆ ಮಾಡುತ್ತ ಆ ಕೆಟ್ಟ ಗುರುವಾರವನ್ನು ಮನಸ್ಸಿನಲ್ಲೇ ಮತ್ತೆ ಬಾರಿಸಿಕೊಳ್ಳುವಾಗ ಹೊಳೆಯಿತು. ಅತ್ತೆ ತಾಳ ತಪ್ಪುತ್ತಿಲ್ಲ. ಅವರಿಗೆ ಕೇಳುವ ತಾಳಕ್ಕೆ ಅವರು ಸರಿಯಾಗಿಯೇ ಹಾಡುತ್ತಿದ್ದಾರೆ, ಆ ತಾಳ ಹಳತು ಅಷ್ಟೆ. ನಮ್ಮ ದನಿ ಅವರಿಗೆ ಹೋಗಿ, ಅವರ ದನಿ ನಮಗೆ ಬರುವ ಒಟ್ಟು ತಡ, ತಾಳದ ಒಂದು ಸುತ್ತಿಗಿಂತ ಚೂರು ಕಡಿಮೆ. ಆ ಚೂರೇ ಎಲ್ಲ ಕೆಡಿಸುತ್ತಿದೆ. ಅದನ್ನು ಕಡಿಮೆ ಮಾಡಲು ಒದ್ದಾಡುವುದಕ್ಕಿಂತ ಇನ್ನೂ ಸ್ವಲ್ಪ ಹೆಚ್ಚಿಸಿ, ಸರಿಯಾಗಿ ಒಂದು ಸುತ್ತು ಮಾಡಿಬಿಟ್ಟರೆ? ಆಗ ಅವರ ದನಿ ತಡವಾಗಿ ಬಂದರೂ ಹೊಡೆತದ ಮೇಲೇ ಬಂದು ಕೂಡುತ್ತದೆ. ನಮ್ಮ ಭಜನೆಯ ಪದಗಳಲ್ಲಿ ಒಂದು ಸಾಲಿಗೆ ಒಂದು ಸುತ್ತು. ಎಲ್ಲರೂ ಸಾಲು ತಿರುಗಿ ಹೇಳಿದ ಮೇಲೆ ಒಂದು ಸುತ್ತು ಖಾಲಿ ಬಿಟ್ಟರೆ ಸಾಕು, ಅತ್ತೆಯ ಮುಂದಿನ ಸಾಲು ತಾನಾಗಿ ಬಂದು ಸೇರುತ್ತದೆ.

ಆಫೀಸಿನ ಕೆಲಸಕ್ಕೂ ಇಷ್ಟು ತಾಳ್ಮೆ ತೋರಿಸಿದವಳಲ್ಲ ನಾನು. ಅತ್ತೆಯ ಕೋಣೆಗೂ ಅಡಿಗೆ ಮನೆಗೂ ಓಡಾಡಿ, ಇಲ್ಲಿ ತಾಳ ಬಡಿದು ಅಲ್ಲಿ ಕೇಳಿ, ಕೂಡಿಡುವ ಹೊತ್ತನ್ನು ಕೂದಲೆಳೆಯಷ್ಟಷ್ಟೇ ಹೆಚ್ಚಿಸುತ್ತ ಹೋದೆ. ಅತ್ತೆ ಮಂಚದ ಮೇಲಿಂದ, "ಇನ್ನಾ ಬೀಳವಲ್ದು", "ಈಗ ಸಮೀಪ ಬಂತು" ಎನ್ನುತ್ತಿದ್ದರು. ಒಮ್ಮೆ ಬಡಿದ ತಾಳವೂ ತಡವಾಗಿ ತಿರುಗಿ ಬಂದ ತಾಳವೂ ಒಂದರ ಮೇಲೊಂದು ಬಿದ್ದವು. ಅತ್ತೆ ಬೆರಳು ಎತ್ತಿದರು. "ಹಾಂ. ಇದನ್ನ ಮುಟ್ಟಬ್ಯಾಡ."

ಗುರುವಾರ ಹೆಂಗಸರಿಗೆ ಹೇಳಿದೆ. ನೀವು ಸಾಲು ಹೇಳಿ ಮುಗಿಸಿದ ಮೇಲೆ ಸ್ಪೀಕರಿನ ಕಡೆ ನೋಡಬೇಡಿ, ಗಡಿಬಿಡಿ ಮಾಡಬೇಡಿ, ನಾನು ಒಂದು ಸುತ್ತು ಬರೀ ತಾಳ ಹಾಕುತ್ತೇನೆ, ಅವರು ಬರುತ್ತಾರೆ.

"ಬರದಿದ್ರ?" ಕಾಕು ಕೇಳಿದರು.

"ಬರ್ತಾರ್ರಿ, ಕಾಕು. ನೀವು ಓಡಬ್ಯಾಡ್ರಿ, ಅಷ್ಟ."

ಅತ್ತೆ ಎತ್ತಿದರು. ನಾವು ಹೇಳಿದೆವು. ನಾನು ಖಾಲಿ ಸುತ್ತು ಹಾಕಿದೆ. ಆ ಒಂದು ಸುತ್ತಿನಲ್ಲಿ ರಸ್ತೆಯ ರಿಕ್ಷಾ, ಪೇಟಿಯ ತಿದಿಯ ಉಸಿರು, ಯಾರದೋ ಬಳೆ, ಎಲ್ಲವೂ ಕೇಳಿಸಿತು. ಸುತ್ತು ಮುಗಿದು ಮೊದಲ ಹೊಡೆತ ಬೀಳುವುದಕ್ಕೂ ಅತ್ತೆಯ ಮುಂದಿನ ಸಾಲು ಬರುವುದಕ್ಕೂ ಸರಿಹೋಯಿತು. ಕಾಕುವಿನ ಹುಬ್ಬು ಮೇಲೆ ಹೋದವು. ಪದ ಕೊನೆಯ ತನಕ ಎಲ್ಲೂ ಕಡಿಯದೆ ನಡೆಯಿತು.

ಆಮೇಲಿನ ಗುರುವಾರಗಳಲ್ಲಿ ಅದೇ ನಮ್ಮ ಪದ್ಧತಿಯಾಯಿತು. ಪದದ ಕೊನೆಗೆ ಜೋರು ಮಾಡುವ ಹಳೆಯ ಚಾಳಿಯನ್ನು ಎಲ್ಲರೂ ಬಿಡಬೇಕಾಯಿತು, ಓಡಿದರೆ ಅತ್ತೆ ಹಿಂದೆ ಉಳಿಯುತ್ತಿದ್ದರು. ಖಾಲಿ ಸುತ್ತು ಬೇರೆಯವರಿಗೆ ಉಸಿರು ತೆಗೆದುಕೊಳ್ಳಲು ಅನುಕೂಲವೇ ಆಯಿತು. ಮನೆಯಲ್ಲಿ ಅತ್ತೆ ವಾಕರಿನ ಮೇಲಿನ ಟವೆಲ್ ತೆಗೆಸಿ, ಅದನ್ನು ಹಿಡಿದು ಟೇಬಲಿನ ತನಕ ಬರತೊಡಗಿದರು. ನನ್ನ ಚಪಾತಿ ದಪ್ಪವಾಗುತ್ತವೆ ಎಂದರು. ಮಗನಿಗೆ ಎರಡು ಹೊತ್ತು ಅನ್ನ ಹಾಕಬೇಡ ಎಂದರು. ಮನೆ ಮೊದಲಿನ ಹಾಗಾಯಿತು.

ದಸರೆಯ ಮುಂಚಿನ ಒಂದು ಗುರುವಾರ ಅತ್ತೆಗೆ ಬೆಳಗಿನಿಂದ ಸ್ವಲ್ಪ ನೆಗಡಿ ಇತ್ತು. ಇವತ್ತು ಸುಮ್ಮನೆ ಕೇಳಿ ಎಂದರೆ ಕೇಳಲಿಲ್ಲ. ಮೊದಲ ಪದ ಆಯಿತು, ಎರಡನೆಯದೂ ಆಯಿತು. ಮೂರನೆಯ ಪದದ ಮೂರನೆಯ ನುಡಿಗೆ ಬಂದೆವು. ನಾವು ಸಾಲು ಹೇಳಿ ಮುಗಿಸಿದೆವು, ನಾನು ಖಾಲಿ ಸುತ್ತು ಹಾಕಿದೆ, ಮೊದಲ ಹೊಡೆತ ಬಿತ್ತು. ಸ್ಪೀಕರಿನಿಂದ ದನಿ ಬರಲಿಲ್ಲ.

ಕೈ ನಿಲ್ಲಿಸಲಿಲ್ಲ. ಇನ್ನೊಂದು ಸುತ್ತು ಹಾಕಿದೆ. ಮಷೀನ್ ಕೆಟ್ಟಿರಬಹುದೆಂದು ಲ್ಯಾಪ್‌ಟಾಪ್ ನೋಡಿದರೆ ಚುಕ್ಕೆ ಹಸಿರಾಗಿಯೇ ಇತ್ತು. ಸ್ಪೀಕರಿನಲ್ಲಿ ನಮ್ಮ ಮನೆಯ ಫ್ಯಾನಿನ ಸದ್ದೂ, ಅದರ ಕೆಳಗೆ ಅತ್ತೆ ಉಸಿರೆಳೆದುಕೊಳ್ಳುವ ಸದ್ದೂ ಕೇಳಿಸುತ್ತಿತ್ತು. ಅವರು ಅಲ್ಲೇ ಇದ್ದಾರೆ, ಎತ್ತುತ್ತಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕಾಕು ಪೇಟಿಯ ಮೇಲಿನ ಬೆರಳು ಎತ್ತದೆ ನನ್ನನ್ನೇ ನೋಡಿದರು. ಪದ ಇಲ್ಲಿ ನಿಂತರೆ ಅತ್ತೆ ಹೆಡ್‌ಫೋನು ತೆಗೆದಿಡುತ್ತಾರೆ, ತೆಗೆದಿಟ್ಟರೆ ತಿರುಗಿ ಹಾಕಿಕೊಳ್ಳುವುದಿಲ್ಲ, ಗೋಡೆಯ ಕಡೆ ಹೊರಳುತ್ತಾರೆ. ಅದೆಲ್ಲ ಆ ಸುತ್ತಿನೊಳಗೆ ನನ್ನ ತಲೆಯಲ್ಲಿ ಹಾದುಹೋಯಿತು.

ನಾನು ಎತ್ತಿದೆ.

ಕಾಳಿ ನಾಲ್ಕು ನನ್ನ ಮನೆಯ ದಾರಿಯಲ್ಲ. ಮೇಲೆ ಹೋದಲ್ಲಿ ದನಿ ಸೀಳಿತು, ಒಡಕು ಗಡಿಗೆಯೇ ಸರಿ. ಆದರೆ ಮಾತು ತಪ್ಪಲಿಲ್ಲ, ತಾಳವೂ ತಪ್ಪಲಿಲ್ಲ. ಹೆಂಗಸರು ಅರೆಗಳಿಗೆ ತಡೆದು ನನ್ನ ಸಾಲನ್ನು ತಿರುಗಿ ಹೇಳಿದರು. ಅವರು ಮುಗಿಸಿದ ಮೇಲೆ ನಾನು ಮುಂದಿನದನ್ನು ಕೂಡಲೇ ಎತ್ತಬಹುದಾಗಿತ್ತು, ಈಗ ಯಾರಿಗೂ ಕಾಯುವುದಿರಲಿಲ್ಲ. ಕೈಗೆ ರೂಢಿಯಾಗಿತ್ತು. ಒಂದು ಸುತ್ತು ಖಾಲಿ ಬಿಟ್ಟೆ.

ಆ ಖಾಲಿ ಸುತ್ತಿನಲ್ಲಿ ಸ್ಪೀಕರಿನಿಂದ ಅತ್ತೆಯ ದನಿ ಬಂತು. ಮೆಲ್ಲಗೆ, ಉಸಿರು ಹಿಡಿದುಕೊಂಡು, ನಾನು ಎತ್ತಿದ್ದ ಸಾಲನ್ನೇ ಅವರು ಹೇಳುತ್ತಿದ್ದರು. ಅಲ್ಲಿ ಮಂಚದ ಮೇಲೆ ಕೂತು ಅವರು ಎಲ್ಲರ ಜೊತೆ ತಿರುಗಿ ಹೇಳಿದ್ದು ನಮಗೆ ಒಂದು ಸುತ್ತು ತಡವಾಗಿ, ಒಂಟಿಯಾಗಿ ಬಂದು ಮುಟ್ಟಿತು. ಇಷ್ಟು ವರ್ಷಗಳಲ್ಲಿ ಅವರು ಯಾರ ಸಾಲನ್ನೂ ತಿರುಗಿ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಕಣ್ಣು ಮಂಜಾಯಿತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಮುಂದಿನ ಸಾಲು ಎತ್ತಿದೆ. ಪದ ಮುಗಿಯುವ ತನಕ ಹಾಗೇ ನಡೆಯಿತು. ನಾನು ಎತ್ತುವುದು, ಎಲ್ಲರೂ ಹೇಳುವುದು, ಆಮೇಲೆ ಹಿಂದಿನಿಂದ ಅತ್ತೆ ಒಬ್ಬರೇ ಹೇಳುವುದು.

ಮನೆಗೆ ಬಂದಾಗ ಅವರು ದಿಂಬಿಗೆ ಒರಗಿ ಚಹಾ ಕುಡಿಯುತ್ತಿದ್ದರು. ನಾನು ಚೀಲ ಇಳಿಸಿ ನಿಂತೆ.

"ಮೂರನೇ ನುಡ್ಯಾಗ ಒಂದ ಅಕ್ಷರ ನುಂಗಿದಿ" ಎಂದರು.

"ಹೂನ್ರಿ."

"ದಮ್ಮ ಹತ್ತಿತ್ತು ನನಗ. ಅದಕ್ಕ ಬಿಟ್ಟೆ."

"ಹೂನ್ರಿ, ಅತ್ಯಾ."

ಅಷ್ಟೇ. ನಾನು ಅಡಿಗೆ ಮನೆಗೆ ಹೋಗಿ ನನಗೂ ಚಹಾ ಇಟ್ಟುಕೊಂಡೆ. ಪ್ರತಿ ಗುರುವಾರ ಸಂಜೆ ಪೇಟಿ ಕಾಕುವಿಗೆ ಫೋನು ಮಾಡಿ ಆ ದಿನದ ತಪ್ಪುಗಳನ್ನೆಲ್ಲ ಒಪ್ಪಿಸುವುದು ಅತ್ತೆಯ ನೇಮ. ಅಂದೂ ಮಾಡಿದರು. ಎರಡನೆಯ ಪದಕ್ಕೆ ಯಾರೋ ಓಡಿದ್ದು, ಮೈಕಿನ ಹತ್ತಿರ ಯಾರೋ ಅವಲಕ್ಕಿ ತಿಂದದ್ದು, ಎಲ್ಲ ಹೇಳಿದರು. ನಾನು ಕುದಿಯುವ ಚಹಾ ನೋಡುತ್ತ ಅರ್ಧ ಕಿವಿಯಿಂದ ಕೇಳುತ್ತಿದ್ದೆ.

"ಇನ್ನೊಂದ ಮಾತ್ರಿ" ಎಂದರು ಕೊನೆಗೆ. "ಮುಂದಿನ ಗುರುವಾರ ಪೇಟಿ ಕಾಳಿ ಎರಡಕ್ಕ ಹಿಡೀರಿ."

ಆಚೆ ಕಾಕು ಏನೋ ಕೇಳಿರಬೇಕು.

"ಹೌದ್ರಿ, ಇಳಸ್ರಿ. ಆಕಿ ದನಿ ಅಷ್ಟ ಮ್ಯಾಲೆ ಏರೂದಿಲ್ಲ."

ಚಹಾ ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು. ಅದನ್ನು ಒರೆಸುತ್ತ ಅಲ್ಲೇ ಬಹಳ ಹೊತ್ತು ನಿಂತೆ. ಆ ದಿನ ಮಷೀನ್ ಬಂದ್ ಮಾಡುವುದು ನನಗೆ ಮರೆತೇಹೋಯಿತು. ಬಂದ್ ಮಾಡೀಯಿಲ್ಲೋ ಎಂದು ಅತ್ತೆಯೂ ಕೇಳಲಿಲ್ಲ.